ನೆಲದಡಿಯ ಶಾಖ ಸಂಗ್ರಹ: ಒಂದು ಬಡಾವಣೆಯ ಪಾಠ

ಬೇಸಿಗೆಯ ಶಾಖವನ್ನು ಚಳಿಗಾಲಕ್ಕೂ ಚಳಿಗಾಲದ ತಂಪನ್ನು ಬೇಸಿಗೆಗೂ ನೆಲದಡಿಯಲ್ಲಿ ಕೂಡಿಟ್ಟು ಕಟ್ಟಡಗಳಿಗೆ ಬಳಸುವ ವಿಧಾನವು ಉದ್ಯಮಿಗಳ ಗಮನಕ್ಕೆ ಅರ್ಹವಾದುದು. ಕೆನಡಾದ ಆಲ್ಬರ್ಟಾ ಪ್ರಾಂತದ ಒಕೊಟೋಕ್ಸ್ ಪಟ್ಟಣದ 'ಡ್ರೇಕ್ ಲ್ಯಾಂಡಿಂಗ್' ಬಡಾವಣೆಯು ಶಾಖ ಸಂಗ್ರಹಕ್ಕೆ ಉತ್ತಮ ನಿದರ್ಶನವಾಗಿದೆ.

2007ರಲ್ಲಿ ಕಾರ್ಯಾರಂಭ ಮಾಡಿದ ಈ ಯೋಜನೆಗೆ 52 ಮನೆಗಳು ಸೇರಿದ್ದವು. ಗ್ಯಾರೇಜುಗಳ ಛಾವಣಿಯ ಮೇಲಿನ ಸುಮಾರು 800 ಸೌರಫಲಕಗಳು ಬೇಸಿಗೆಯಲ್ಲಿ ಸಂಗ್ರಹಿಸಿದ ಶಾಖವನ್ನು ಬಿಸಿನೀರು ಭೂಮಿಗೆ ಒಯ್ಯುತ್ತಿತ್ತು. ಅಲ್ಲಿ ಸುಮಾರು 35 ಮೀಟರ್ ಆಳಕ್ಕೆ ಕೊರೆದ 144 ರಂಧ್ರಗಳಲ್ಲಿ ಕೊಳವೆಗಳನ್ನು ಇಳಿಬಿಡಲಾಗಿತ್ತು. ಮಣ್ಣು ಹಾಗೂ ಶಿಲೆ ಶಾಖವನ್ನು ಬೇಗನೆ ಬಿಟ್ಟುಕೊಡವು. ಆದುದರಿಂದ ಅದು ತಿಂಗಳುಗಟ್ಟಲೆ ಉಳಿಯುತ್ತಿತ್ತು. ಚಳಿಗಾಲದಲ್ಲಿ ಅದೇ ಕೊಳವೆಗಳ ನೀರು ಶಾಖವನ್ನು ಮನೆಗಳಿಗೆ ಮರಳಿಸುತ್ತಿತ್ತು. ನೆಲವು ಚೆನ್ನಾಗಿ ಕಾಯಲು ಕೆಲವು ವರ್ಷಗಳೇ ಹಿಡಿದವು. 2015-16ರ ಅವಧಿಯಲ್ಲಿ ಮನೆಗಳನ್ನು ಬೆಚ್ಚಗಿಡಲು ಬೇಕಾದ ಶಾಖವೆಲ್ಲ ಸೂರ್ಯನಿಂದಲೇ ಒದಗಿತು.

ಆದರೂ 2024ರಲ್ಲಿ ಈ ವ್ಯವಸ್ಥೆಯನ್ನು ಮುಚ್ಚಲು ನಿರ್ಧರಿಸಲಾಯಿತು. ಸಲಕರಣೆಗಳು ಹಳೆಯವಾಗಿ ಕೆಡತೊಡಗಿದ್ದವು. ಬದಲಿ ಬಿಡಿಭಾಗಗಳು ದೊರೆಯುವುದು ದುರ್ಲಭವಾಗಿತ್ತು. ನೆಲದಲ್ಲಿ ಶಾಖ ನಿಲ್ಲುವುದೆಂಬ ತತ್ತ್ವವೇನೂ ಸುಳ್ಳಾಗಲಿಲ್ಲ. ಆದರೆ ಅಪರೂಪದ ಯಂತ್ರಕ್ಕೆ ಬಿಡಿಭಾಗಗಳ ಮಾರುಕಟ್ಟೆ ಬೆಳೆಯುವುದಿಲ್ಲ. ಇಂತಹ ಯೋಜನೆಯಲ್ಲಿ ಬಂಡವಾಳ ಹೂಡಬಯಸುವವರು ಕೊರೆಯುವ ವೆಚ್ಚದ ಜೊತೆಗೆ ಮುಂದಿನ ಎರಡು ದಶಕಗಳ ದುರಸ್ತಿ, ಬಿಡಿಭಾಗ ಹಾಗೂ ನುರಿತ ತಂತ್ರಜ್ಞರ ಲಭ್ಯತೆಯನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯ.