ಸೋತವರಿಗೂ ಆಡಲು ಕಾರಣ ಬೇಕು

ಕ್ರಿಕೆಟ್ಟಿನ ಹುಚ್ಚಿರುವ ಬಳ್ಳಾರಿಯಲ್ಲಿ ನಮ್ಮದೊಂದು ಹಾಕಿ ಫ್ಯಾಂಟಸಿ ಲೀಗ್ ಇದೆ. 2017ರ ನಂತರ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್ 28ರಂದು ರೂರ್ಕೆಲಾದಲ್ಲಿ ಮತ್ತೆ ಶುರುವಾದಾಗ ಬ್ರೂಸ್‌ಪೇಟೆಯ ನಾವು ಕೆಲವು ಗೆಳೆಯರು ಸೇರಿ ಇದನ್ನು ಕಟ್ಟಿದೆವು. ಆ ಲೀಗಿನ ಎಂಟು ಪುರುಷರ ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಆದರೆ ಸೂರ್ಮಾ ಹಾಕಿ ಕ್ಲಬ್ ಜಿಂದಾಲ್‌ನವರದ್ದು. ತೋರಣಗಲ್ಲಿನ ಅವರ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳೆಯರಿಗೆ ಅಷ್ಟು ನಂಟೇ ಸಾಕಾಯಿತು. ಸಿರುಗುಪ್ಪದ ಅಕ್ಕಿ ಗಿರಣಿಯವರೊಬ್ಬರು, ಕುರುಗೋಡಿನ ಮೇಷ್ಟ್ರೊಬ್ಬರು, ಜೀನ್ಸ್ ಘಟಕದ ಕಟಿಂಗ್ ಮಾಸ್ಟರ್ ಒಬ್ಬರು ಜೊತೆಯಾದರು.

ಆಟದ ಕ್ರಮ ಸರಳ. ಸರದಿಯ ಪ್ರಕಾರ ಆಟಗಾರರನ್ನು ಆರಿಸಿಕೊಳ್ಳಬೇಕು. ಪ್ರತಿ ವಾರ ಹನ್ನೊಂದು ಜನರ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಕು. ಆ ಆಟಗಾರರು ಮೈದಾನದಲ್ಲಿ ಮಾಡಿದ ಸಾಧನೆಗೆ ತಕ್ಕಂತೆ ನಮಗೆ ಅಂಕ. ಇಬ್ಬಿಬ್ಬರ ನಡುವೆ ಪಂದ್ಯ, ಮೊದಲ ನಾಲ್ವರಿಗೆ ಸೆಮಿಫೈನಲ್. ಅಮೆರಿಕದ ಕೆಲವು ಲೀಗ್‌ಗಳಲ್ಲಿ ರೂಢಿಯಲ್ಲಿರುವಂತೆ, ಕೊನೆಯ ಸ್ಥಾನದವರಿಗೆ ಮರುವರ್ಷ ಆಯ್ಕೆಯ ಮೊದಲ ಸರದಿ.

ಸೀಸನ್ ಅರ್ಧ ದಾಟಿದ ಮೇಲೆ ತೊಂದರೆ ಕಾಣಿಸಿತು. ಕೆಳಗಿದ್ದ ಕೆಲವರು ಪಟ್ಟಿ ಹಾಕುವುದನ್ನೇ ಬಿಟ್ಟರು. ಮತ್ತೊಬ್ಬರು ತಪ್ಪದೆ ಹಾಕುತ್ತಿದ್ದರು, ಆದರೆ ಒಳ್ಳೆಯ ಆಟಗಾರರನ್ನೆಲ್ಲ ಹೊರಗಿಟ್ಟು. ಕೊನೆಯ ಸ್ಥಾನ ಸಿಕ್ಕರೆ ಮುಂದಿನ ವರ್ಷ ಹರ್ಮನ್‌ಪ್ರೀತ್ ಸಿಂಗ್ ತಮ್ಮ ಪಾಲಿಗೆ ಬರುತ್ತಾರೆಂಬುದು ಅವರ ಲೆಕ್ಕ. ಆ ವರ್ಷದ ನಿಜವಾದ ಹರಾಜಿನಲ್ಲಿ ಸೂರ್ಮಾ 78 ಲಕ್ಷ ರೂಪಾಯಿ ಕೊಟ್ಟು ಕೊಂಡ ಡ್ರ್ಯಾಗ್‌ಫ್ಲಿಕರ್ ಅವರು. ಹೀಗೆ ಬೇಕಂತಲೇ ಸೋಲುವುದಕ್ಕೆ ಟ್ಯಾಂಕಿಂಗ್ ಎನ್ನುತ್ತಾರೆ.

"ನನ್ನ ಟೀಮು, ನಾನು ಸೋಲ್ತೀನಿ, ನಿಮಗೇನ್ರಿ ನಷ್ಟ?" ಎಂದು ಹಾಗೆ ಸೋಲುತ್ತಿದ್ದವರು ಕೇಳಿದರು. ನಷ್ಟ ಮೂರನೆಯವರಿಗೆ. ಕೊನೆಯ ವಾರ ಅವರ ಎದುರು ಆಡಿದವರಿಗೆ ಗೆಲುವು ಪುಕ್ಕಟೆ ಸಿಕ್ಕಿತು. ಸಮಬಲದಲ್ಲಿದ್ದ ಕುರುಗೋಡಿನ ಮೇಷ್ಟ್ರು ಅದರಿಂದಾಗಿ ಸೆಮಿಫೈನಲ್ ಅವಕಾಶ ಕಳೆದುಕೊಂಡರು.

2012ರ ಲಂಡನ್ ಒಲಿಂಪಿಕ್ಸ್ ನೆನಪಾಗುತ್ತದೆ. ಬ್ಯಾಡ್ಮಿಂಟನ್ ಮಹಿಳಾ ಡಬಲ್ಸ್‌ನಲ್ಲಿ ಮುಂದಿನ ಹಂತಕ್ಕೆ ಅನುಕೂಲದ ಎದುರಾಳಿ ಸಿಗಲೆಂದು ಸೋಲಲು ಹೊರಟ ನಾಲ್ಕು ಜೋಡಿಗಳನ್ನು ಕೂಟದಿಂದಲೇ ಹೊರಹಾಕಿದರು. ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಇನ್ನೊಂದು ಗುಂಪಿನಲ್ಲಿ ಎರಡು ಪಂದ್ಯ ಗೆದ್ದೂ ಅಂಕಗಳ ಅಂತರದಿಂದ ಹೊರಬಿದ್ದರು. ಆ ಗುಂಪಿನ ಮತ್ತೊಂದು ಪಂದ್ಯದ ಬಗ್ಗೆ ಭಾರತ ಕೊಟ್ಟ ದೂರು ತಿರಸ್ಕೃತವಾಯಿತು. ಆ ಪಂದ್ಯ ಹೇಗೇ ನಡೆದಿರಲಿ, ಒಬ್ಬರ ಭವಿಷ್ಯ ಇನ್ನಿಬ್ಬರ ಆಟದಲ್ಲಿರುವಾಗ ಎಲ್ಲರೂ ಮನಸಿಟ್ಟು ಆಡುತ್ತಾರೆಂಬ ನಂಬಿಕೆ ಬೇಕೇ ಬೇಕು. ಅದು ಹೋದರೆ ಗೆದ್ದವರ ಗೆಲುವಿಗೂ ಬೆಲೆಯಿಲ್ಲ.

ಬುದ್ಧಿ ಹೇಳುವುದರಿಂದ ಇದು ನಿಲ್ಲುವುದಿಲ್ಲ, ನಿಯಮ ಬದಲಾಗಬೇಕು. ಅಮೆರಿಕ–ಕೆನಡಾದ ಐಸ್ ಹಾಕಿಯಲ್ಲಿ 1984ರಲ್ಲಿ ಪಿಟ್ಸ್‌ಬರ್ಗ್ ತಂಡ ಕೊನೆಯ ಸ್ಥಾನಕ್ಕೆ ಇಳಿದು ಮೊದಲ ಆಯ್ಕೆಯಲ್ಲಿ ಆಟಗಾರ ಮಾರಿಯೊ ಲೆಮ್ಯೂರನ್ನು ಪಡೆದಾಗ ಇದೇ ಆರೋಪ ಎದ್ದಿತ್ತು. 1995ರಲ್ಲಿ ಅಲ್ಲಿ ಮೊದಲ ಆಯ್ಕೆಯನ್ನು ಲಾಟರಿಗೆ ಬಿಟ್ಟರು. 2024ರಲ್ಲಿ ಶುರುವಾದ ಅಲ್ಲಿನ ವೃತ್ತಿಪರ ಮಹಿಳಾ ಲೀಗ್ ಇನ್ನೂ ಜಾಣತನ ತೋರಿತು: ಪ್ಲೇಆಫ್ ಅವಕಾಶ ಕೈತಪ್ಪಿದ ಮೇಲೆ ಹೆಚ್ಚು ಅಂಕ ಗಳಿಸಿದ ತಂಡಕ್ಕೇ ಮೊದಲ ಆಯ್ಕೆ. ದುರ್ಬಲ ತಂಡ ಬೇಗ ಹೊರಬೀಳುವುದರಿಂದ ಅಂಕ ಗಳಿಸಲು ಅದಕ್ಕೆ ಹೆಚ್ಚು ಪಂದ್ಯಗಳು ಸಿಗುತ್ತವೆ. ಹೀಗೆ ದುರ್ಬಲರಿಗೆ ಆಸರೆಯೂ ಉಳಿಯಿತು, ಆದರೆ ಅದನ್ನು ಗೆದ್ದೇ ಪಡೆಯಬೇಕು. ನಾವೂ ಇದನ್ನೇ ಅಳವಡಿಸಿಕೊಂಡೆವು. ಮರುವರ್ಷ ಸೆಮಿಫೈನಲ್ ತಪ್ಪಿದವರು ಮೊದಲ ಸರದಿಗಾಗಿ ಕೊನೆಯ ವಾರದವರೆಗೂ ಪೈಪೋಟಿ ನಡೆಸಿದರು. ಆಟಗಾರರ ಅದಲುಬದಲನ್ನು ಕೊನೆಯ ವಾರಗಳಲ್ಲಿ ನಿಲ್ಲಿಸಿದ್ದೂ ಒಳ್ಳೆಯದಾಯಿತು. ಹೊರಬಿದ್ದವರು ಒಳ್ಳೆಯ ಆಟಗಾರನನ್ನು ಗೆಳೆಯನಿಗೆ ಸುಮ್ಮನೆ ದಾಟಿಸುವ ದಾರಿ ಮುಚ್ಚಿತು.

ಪಟ್ಟಿ ಹಾಕದವರ ವಿಷಯ ಬೇರೆ. ಅವರಿಗೆ ಫೋನ್ ಮಾಡಿದಾಗ ಕಾರಣ ತಿಳಿಯಿತು. ಒಬ್ಬರಿಗೆ ವಾರವಿಡೀ ನೈಟ್ ಶಿಫ್ಟ್; ಗಿರಣಿಯವರಿಗೆ ಭತ್ತದ ಸುಗ್ಗಿ, ತಲೆ ಎತ್ತಲು ಬಿಡುವಿಲ್ಲ. ಆಗದವರನ್ನೂ ಮನಸ್ಸಿಲ್ಲದವರನ್ನೂ ಒಂದೇ ಕೋಲಿನಿಂದ ಹೊಡೆಯುವುದು ಅನ್ಯಾಯ. ಈಗ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರಲೇಬೇಕು. ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ಪಟ್ಟಿ ಹಾಕುತ್ತಾರೆ. ಇಬ್ಬರೂ ಮರೆತರೆ ಹಿಂದಿನ ವಾರದ ಪಟ್ಟಿ ಮುಂದುವರಿಯುತ್ತದೆ, ಆಡದ ಆಟಗಾರನ ಜಾಗಕ್ಕೆ ಕಾಯ್ದಿರಿಸಿದವರು ಸರದಿಯಂತೆ ಬರುತ್ತಾರೆ. ಎರಡು ವಾರ ಸತತವಾಗಿ ಹೀಗಾದರೆ ಫೋನ್ ಕರೆ. ಮೂರನೆಯ ವಾರವೂ ಸದ್ದಿಲ್ಲದಿದ್ದರೆ ಆ ತಂಡ ಕಾಯುತ್ತಿರುವ ಹೊಸಬರಿಗೆ. ಇಲ್ಲಿ ಯಾರಿಗೂ ಅವಮಾನವಿಲ್ಲ, ಬಿಡುವಾದಾಗ ಮತ್ತೆ ಬರಬಹುದು.

ದುಡ್ಡು ಕಟ್ಟಿಸಿದರೆ ಎಲ್ಲರೂ ದಾರಿಗೆ ಬರುತ್ತಾರೆಂದು ಕೆಲವರು ವಾದಿಸಿದರು. ನಾನು ಒಪ್ಪಲಿಲ್ಲ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ, ಗೆಳೆಯರ ಆಟಕ್ಕೆ ಹಣ ಬಂದರೆ ಸೋತವರು ದೂರವಾಗಲು ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ, ಅಷ್ಟೇ.

ಇಂಥ ಲೀಗ್ ಕಟ್ಟುವವರಿಗೆ ನನ್ನ ಸಲಹೆ ಇಷ್ಟು. ನಿಯಮಗಳನ್ನು ಆಯ್ಕೆಗೆ ಮೊದಲೇ ಬರೆದು, ಎಲ್ಲರ ಒಪ್ಪಿಗೆ ಪಡೆಯಿರಿ. ಸೀಸನ್ ನಡುವೆ ಬದಲಿಸಬೇಡಿ. ಚಾಂಪಿಯನ್‌ಗೆ ಏನು ಕೊಡಬೇಕೆಂದು ಯೋಚಿಸುವ ಮೊದಲು, ಕೆಳಗಿನ ಸ್ಥಾನದಲ್ಲಿರುವವರು ಕೊನೆಯ ವಾರ ಯಾಕೆ ಆಡಬೇಕು ಎಂಬುದಕ್ಕೆ ಉತ್ತರ ಹುಡುಕಿ. ಗೆಲ್ಲುತ್ತಿರುವವರು ಹೇಗೂ ಆಡುತ್ತಾರೆ. ಲೀಗ್ ವರ್ಷದಿಂದ ವರ್ಷಕ್ಕೆ ಉಳಿಯುವುದು ಸೋಲುತ್ತಿರುವವರು ಎಷ್ಟು ಮನಸಿಟ್ಟು ಆಡುತ್ತಾರೆ ಎಂಬುದರ ಮೇಲೆ.