ಕುಡಿದು ವಾಹನ ನಡೆಸುವವರಿಗೆ ದಂಡದೊಡನೆ ಚಿಕಿತ್ಸೆಯೂ ಬೇಕು

ಮದ್ಯ ಸೇವಿಸಿ ವಾಹನ ಚಲಾಯಿಸುವಾಗ ಸಿಕ್ಕಿಬಿದ್ದವನಿಗೆ ನ್ಯಾಯಾಲಯವು ದಂಡ ವಿಧಿಸುತ್ತದೆ, ಮನೆಯವರು ನಾಲ್ಕು ದಿನ ಮಾತು ಬಿಡುತ್ತಾರೆ. ಐದನೆಯ ದಿನಕ್ಕೆ ಎಲ್ಲವೂ ಮೊದಲಿನಂತೆ. ಆತನ ಕುಡಿತ ಯಾವ ಹಂತದಲ್ಲಿದೆ, ಚಿಕಿತ್ಸೆಯ ಅಗತ್ಯವಿದೆಯೇ ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ವೈದ್ಯನ ದೃಷ್ಟಿಯಲ್ಲಿ ಆ ರಾತ್ರಿಯು, ಬಹುಕಾಲ ಒಳಗೇ ಬೆಳೆದಿರಬಹುದಾದ ವ್ಯಾಧಿಯೊಂದು ಹೊರಗೆ ಲಕ್ಷಣವಾಗಿ ಕಾಣಿಸಿಕೊಂಡ ಗಳಿಗೆ. ಅದನ್ನು ವ್ಯರ್ಥವಾಗಿ ಕಳೆಯಬಾರದೆಂಬುದೇ ಈ ತಿಂಗಳ ಲೇಖನದ ಆಶಯ.

ನಮ್ಮ ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ, ಚಾಲಕನ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಪುನರಾವರ್ತನೆಯಾದರೆ ಎರಡು ವರ್ಷದವರೆಗೆ ಸೆರೆ, 15,000 ರೂಪಾಯಿ ದಂಡ. ಪರವಾನಗಿ ಅಮಾನತಾದವರು ಚಾಲನೆಯ ಮರುತರಬೇತಿ ಪಡೆಯಬೇಕೆಂಬ ಮಾತೂ ಅದೇ ತಿದ್ದುಪಡಿಯಲ್ಲಿ ಬಂದಿದೆ. ಆದರೆ ಅದು ಚಾಲನೆಯ ಪಾಠ. ಕುಡಿತವನ್ನು ಕುರಿತ ಪಾಠ ಬೇರೆಯೇ ಆಗಬೇಕು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಇಂತಹ ಚಾಲಕನು ದಂಡ ಕಟ್ಟಿದರೆ ಸಾಲದು. ನಿಗದಿತ ಅವಧಿಯ ಶಿಕ್ಷಣ ತರಗತಿಗಳಿಗೆ ಹಾಜರಾಗಬೇಕು, ಆಪ್ತಸಮಾಲೋಚನೆಗೆ ಕುಳಿತುಕೊಳ್ಳಬೇಕು, ವ್ಯಸನವಿದೆಯೆಂದು ಕಂಡುಬಂದರೆ ಚಿಕಿತ್ಸೆಗೆ ಒಳಗಾಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಮತ್ತೆ ತಪ್ಪಿದವರಿಗೆ ಈ ಕ್ರಮ 18 ತಿಂಗಳವರೆಗೂ ನಡೆಯುತ್ತದೆ. ಅಲ್ಲಿನ ಎಲ್ಲವೂ ಅನುಕರಣೀಯವೆಂದು ನಾನು ಹೇಳಲಾರೆ. ಹೆಚ್ಚಿನ ರಾಜ್ಯಗಳಲ್ಲಿ ಮಿತಿಯೇ 80 ಮಿ.ಗ್ರಾಂ. ಇದೆ, ನಮ್ಮದಕ್ಕಿಂತ ಬಹಳ ಸಡಿಲ. ಆದರೂ ದಂಡದ ಬೆನ್ನಿಗೆ ಶಿಕ್ಷಣವನ್ನು ಕಟ್ಟಿದ ಕ್ರಮ ಯುಕ್ತವಾದುದು.

ಅಂತಹ ತರಗತಿಯಲ್ಲಿ ಏನನ್ನು ಕಲಿಸಬೇಕು? ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಮದಾತ್ಯಯವನ್ನು ಕುರಿತದ್ದು. ಮದ್ಯದ ಹತ್ತು ಗುಣಗಳು ಓಜಸ್ಸಿನ ಹತ್ತು ಗುಣಗಳಿಗೆ ನೇರ ವಿರುದ್ಧವೆಂದು ಆಚಾರ್ಯರು ಅಲ್ಲಿ ನಿರೂಪಿಸುತ್ತಾರೆ. ಮದದ ಅವಸ್ಥೆಗಳು ಮೂರು: ಮೊದಲನೆಯದರಲ್ಲಿ ಹರ್ಷ, ಎರಡನೆಯದರಲ್ಲಿ ಮಾತು ನಡಿಗೆಗಳ ತಡವರಿಕೆ, ಮೂರನೆಯದರಲ್ಲಿ ಮುರಿದುಬಿದ್ದ ಮರದಂತಹ ಸ್ಥಿತಿ. ಮೂರನೆಯ ಅವಸ್ಥೆಯವನು ವಾಹನದ ಬಳಿಗೆ ಹೋಗಲಾರ. ನನ್ನ ಅಭಿಪ್ರಾಯದಲ್ಲಿ ರಸ್ತೆಯ ಮೇಲೆ ಹೆಚ್ಚು ಭಯಂಕರನಾದವನು ಮೊದಲನೆಯ ಅವಸ್ಥೆಯವನೇ. ಆತನ ಕಾಲು ತಡವರಿಸುವುದಿಲ್ಲ, ಮಾತು ತೊದಲುವುದಿಲ್ಲ. ವಿವೇಚನೆ ಮಾತ್ರ ಕುಂದಿರುತ್ತದೆ, ಕುಂದಿದೆಯೆಂಬ ಅರಿವೂ ಇರುವುದಿಲ್ಲ. "ನನಗೇನೂ ಆಗಿಲ್ಲ, ಕೀಲಿ ಕೊಡಿ" ಎಂದು ವಾದಿಸುವವನು ಇವನೇ.

ಇನ್ನೊಂದು ಪಾಠ ಕಾಲದ ಲೆಕ್ಕದ್ದು. 60 ಕಿಲೋ ತೂಕದ ಪುರುಷನೊಬ್ಬ ರಾತ್ರಿ 11 ಗಂಟೆಯ ಹೊತ್ತಿಗೆ 180 ಮಿ.ಲೀ. ವಿಸ್ಕಿ ಕುಡಿದು ಮುಗಿಸಿದನೆನ್ನೋಣ. ಆತನ 100 ಮಿ.ಲೀ. ರಕ್ತದಲ್ಲಿ ಮದ್ಯಸಾರ ಸುಮಾರು 140 ಮಿ.ಗ್ರಾಂ.ಗೆ ಏರಬಹುದು. ಯಕೃತ್ತು ಅದನ್ನು ಗಂಟೆಗೆ ಸರಾಸರಿ 15 ಮಿ.ಗ್ರಾಂ.ನಷ್ಟು ಮಾತ್ರ ಇಳಿಸಬಲ್ಲದು. ಬೆಳಗಿನ 5 ಗಂಟೆಗೆ ಹಾಲಿನ ವಾಹನವನ್ನೋ ಶಾಲಾ ವಾಹನವನ್ನೋ ಹೊರಡಿಸಲು ಆತ ಎದ್ದಾಗಲೂ 50 ಮಿ.ಗ್ರಾಂ. ಉಳಿದಿರುತ್ತದೆ. ಮಜ್ಜಿಗೆ, ನಿಂಬೆಯ ರಸ, ಕಾಫಿ, ತಣ್ಣೀರಿನ ಸ್ನಾನ ಯಾವುದೂ ಈ ಇಳಿತವನ್ನು ತ್ವರೆಗೊಳಿಸದು. ಕಾಫಿ ಕುಡಿದರೆ ಆತ ಎಚ್ಚರವಾಗಿರುವ ಮದ್ಯಪಾನಿಯಾಗುತ್ತಾನೆ, ಅಷ್ಟೇ.

ಒಮ್ಮೆ ಸಿಕ್ಕಿಬಿದ್ದವರೆಲ್ಲ ವ್ಯಸನಿಗಳೆಂದು ಭಾವಿಸಬೇಕಾಗಿಲ್ಲ. ಗುರುತಿಸಲು ವೈದ್ಯರು ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾರೆ. ಕುಡಿತ ಕಡಿಮೆ ಮಾಡಬೇಕೆಂದು ನಿಮಗೇ ಅನ್ನಿಸಿದ್ದುಂಟೇ? ಇತರರು ಅದನ್ನು ಎತ್ತಿ ಆಡಿದಾಗ ಸಿಟ್ಟು ಬಂದದ್ದುಂಟೇ? ಪಶ್ಚಾತ್ತಾಪವಾದದ್ದುಂಟೇ? ಬೆಳಗೆದ್ದು ಕೈನಡುಕ ನಿಲ್ಲಿಸಲು ಕುಡಿದದ್ದುಂಟೇ? ಎರಡಕ್ಕೆ ಹೌದೆಂದರೆ ವಿಸ್ತೃತ ಪರೀಕ್ಷೆ ಅವಶ್ಯ. ಕೊನೆಯ ಪ್ರಶ್ನೆಗೆ ಹೌದೆಂದವರ ವಿಷಯದಲ್ಲಿ ವಿಳಂಬ ಸಲ್ಲದು.

ಇಲ್ಲಿ ಕುಟುಂಬದವರು ಅವಶ್ಯವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ನಿತ್ಯವೂ ವಿಪುಲವಾಗಿ ಕುಡಿಯುವವನಿಂದ ಆಣೆ ಹಾಕಿಸಿ ಒಂದೇ ದಿನದಲ್ಲಿ ನಿಲ್ಲಿಸಿದರೆ, ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂತಹ ಸೆಳವು, ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಾಂತಿ, ಇಲ್ಲದ್ದು ಕಾಣುವುದು, ತೀವ್ರ ನಡುಕ ಉಂಟಾಗಬಹುದು. ಇದು ಪ್ರಾಣಾಂತಿಕವೂ ಆಗಬಲ್ಲದು. ಇಂತಹವರನ್ನು ಆಸ್ಪತ್ರೆಯಲ್ಲಿಯೇ ಬಿಡಿಸಬೇಕು. ಆಯುರ್ವೇದ ವೈದ್ಯನಾದ ನಾನೂ ಇಂತಹ ರೋಗಿಯನ್ನು ಮೊದಲು ಅಲ್ಲಿಗೇ ಕಳುಹಿಸುತ್ತೇನೆ. ಬಲ ಕೂಡಿಸುವ, ಅಗ್ನಿಯನ್ನು ಸರಿಪಡಿಸುವ, ನಿದ್ರೆ ತರಿಸುವ ನಮ್ಮ ಚಿಕಿತ್ಸೆಗೆ ಅನಂತರ ಸಾಕಷ್ಟು ಅವಕಾಶವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದೂರದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.

ಬಿಡಿಸುವುದು ಕೆಲವು ದಿನಗಳ ಕೆಲಸ, ಬಿಟ್ಟಿರುವಂತೆ ನೋಡಿಕೊಳ್ಳುವುದು ವರ್ಷಗಳ ಕೆಲಸ. ಅದು ಊರಿನಿಂದಲೇ ಆಗಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಊರಿನ ಸಭಾಭವನಗಳಲ್ಲೇ ನಡೆಯುತ್ತವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ್ದನ್ನು ನಮ್ಮ ಓದುಗರು ಬಲ್ಲರು. ಪೂಜ್ಯರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ದಿನದ ಕಾರ್ಯಕ್ರಮಕ್ಕೆ ಲಾರಿ, ಆಟೋ, ಟ್ರ್ಯಾಕ್ಟರ್ ಚಾಲಕರನ್ನು ವಿಶೇಷವಾಗಿ ಆಹ್ವಾನಿಸಿ, ಮೇಲಿನ ನಾಲ್ಕು ಪ್ರಶ್ನೆಗಳನ್ನು ಏಕಾಂತದಲ್ಲಿ ಕೇಳುವ ವೈದ್ಯರೊಬ್ಬರನ್ನು ಕೂರಿಸಿದರೆ ಭಾಷಣಕ್ಕಿಂತ ಹೆಚ್ಚಿನ ಪ್ರಯೋಜನವಾದೀತು.

ಕೊನೆಯದಾಗಿ, ಪದೇ ಪದೇ ಎದುರಾಗುವ ಎರಡು ಪ್ರಶ್ನೆಗಳು. "ಗೊತ್ತಾಗದಂತೆ ಊಟದಲ್ಲಿ ಬೆರೆಸಲು ಕುಡಿತ ಬಿಡಿಸುವ ಪುಡಿ ಕೊಡಿ" ಎಂದು ತಾಯಂದಿರು ಕೇಳುತ್ತಾರೆ. ಕೊಡಲಾಗದು, ಬೇರೆಡೆಯಿಂದ ತಂದು ಬೆರೆಸಲೂ ಕೂಡದು. ಅಂತಹ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದು, ಅದನ್ನರಿಯದೆ ಆತ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ವಾಹನ ನಡೆಸುತ್ತಿರುವಾಗ ಹಾಗಾದರೆ ಆತನೊಡನೆ ಇತರರೂ ಬಲಿಯಾಗುತ್ತಾರೆ. ಎರಡನೆಯದು, ನಮ್ಮ ಅರಿಷ್ಟ ಆಸವಗಳನ್ನು ಸೇವಿಸಿ ವಾಹನ ನಡೆಸಬಹುದೇ ಎಂಬುದು. ಅವುಗಳಲ್ಲಿ ಸಂಧಾನದಿಂದ ಸ್ವಯಂ ಉತ್ಪನ್ನವಾದ ಮದ್ಯಸಾರವಿರುವುದು ನಿಜ. ಊಟದ ನಂತರ ಸಮಪ್ರಮಾಣದ ನೀರಿನೊಡನೆ 15ರಿಂದ 20 ಮಿ.ಲೀ. ಸೇವಿಸಿದರೆ ರಕ್ತದ ಮಟ್ಟ ಕಾನೂನಿನ ಮಿತಿಯ ಹತ್ತಿರಕ್ಕೂ ಹೋಗದು. ಬಾಯಿಯಲ್ಲಿ ಉಳಿದ ಅಂಶ ಶ್ವಾಸಪರೀಕ್ಷೆಯಲ್ಲಿ ತೋರದಂತೆ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಟ್ಟು ಹೊರಡುವುದು ಲೇಸು. ಆದರೆ ಕುಡಿತ ಬಿಟ್ಟವರಿಗೆ, ಡೈಸಲ್ಫಿರಾಮ್ ಸೇವಿಸುತ್ತಿರುವವರಿಗೆ ಅರಿಷ್ಟ ಆಸವಗಳು ಸಂಪೂರ್ಣ ವರ್ಜ್ಯ. ಅಂತಹವರು ವೈದ್ಯರಿಗೆ ಈ ವಿಷಯವನ್ನು ಮೊದಲೇ ತಿಳಿಸಿ, ಕಷಾಯವನ್ನೋ ಚೂರ್ಣವನ್ನೋ ಬರೆಸಿಕೊಳ್ಳಬೇಕು.