ಸಡಿಲಿಕೆಯ ದಿನಾಂಕ, ಜಾತ್ರೆಯ ತಿಥಿ

ಜನಪದ ಪಠ್ಯವನ್ನು ಅದರ ಪ್ರದರ್ಶನ ಸಂದರ್ಭದಿಂದ ಬೇರ್ಪಡಿಸಿ ಓದಲಾಗದು ಎಂಬುದು ಜಾನಪದ ಅಧ್ಯಯನದ ಮೊದಲ ಪಾಠ. ಕೊರೊನಾ ಲಾಕ್‌ಡೌನಿನ ಸಡಿಲಿಕೆಯ ಕಾಲವು ಇದಕ್ಕೆ ಗಡಿನಾಡಿನ ನಿದರ್ಶನವೊಂದನ್ನು ಒದಗಿಸುತ್ತದೆ.

ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನ ಹುಲಜಂತಿಯು ಮಾಳಿಂಗರಾಯನ ಕ್ಷೇತ್ರ. ಬೀರಲಿಂಗನ ಶಿಷ್ಯನಾದ ಈತನು ಹಾಲುಮತ ಪರಂಪರೆಯ ಆರಾಧ್ಯನು. ದೀಪಾವಳಿ ಅಮಾವಾಸ್ಯೆಯ ಜಾತ್ರೆಯಲ್ಲಿ ಗುಡಿಯ ಶಿಖರಕ್ಕೆ ಮುಂಡಾಸು ಏರುತ್ತದೆ. ಭಂಡಾರದ ನಡುವೆ ಪಲ್ಲಕ್ಕಿಗಳ ಭೇಟಿ ನಡೆಯುತ್ತದೆ. ಗಡಿಯ ಎರಡೂ ಕಡೆಯ ಭಕ್ತರು ಅಲ್ಲಿ ಕೂಡುತ್ತಾರೆ.

2020ರ ಮಾರ್ಚ್ 25ರಂದು ದೇಶವೆಲ್ಲ ಒಮ್ಮೆಗೇ ಮುಚ್ಚಿತು. ತೆರೆದದ್ದು ಮಾತ್ರ ಹಂತಹಂತವಾಗಿ, ರಾಜ್ಯಕ್ಕೊಂದು ಬಗೆಯಾಗಿ. ಕರ್ನಾಟಕದ ದೇವಾಲಯಗಳು ಜೂನ್ 8ರಂದು ತೆರೆದವು. ಮಹಾರಾಷ್ಟ್ರದಲ್ಲಿ ಅನುಮತಿ ದೊರೆತದ್ದು ನವೆಂಬರ್ 16ಕ್ಕೆ. ಆ ವರ್ಷದ ದೀಪಾವಳಿ ಅಮಾವಾಸ್ಯೆಯೋ 15ರಂದೇ ಕಳೆದಿತ್ತು. ಒಂದೇ ದಿನದ ಅಂತರ. ಆದರೆ ತಿಥಿಯು ಆದೇಶಕ್ಕಾಗಿ ಕಾಯುವುದಿಲ್ಲ.

ಬಾಗಿಲು ತೆರೆದೊಡನೆ ಹಾಡು ಮರಳುವುದೂ ಇಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಜೂನ್ ತಿಂಗಳ ಮಾರ್ಗಸೂಚಿಯು ಪ್ರಾರ್ಥನಾ ಸ್ಥಳಗಳಲ್ಲಿ ಗುಂಪುಗಾಯನವನ್ನು ತಡೆದು, ಧ್ವನಿಮುದ್ರಿತ ಗೀತೆಗಳನ್ನು ಬಳಸಲು ಸೂಚಿಸಿತ್ತು. ಸೋಂಕು ತಡೆಗೆ ಅದು ಅಗತ್ಯವೇ ಆಗಿತ್ತು. ಡೊಳ್ಳಿನ ಹಾಡಿಗಾದರೋ ಮೇಳವೇ ಪ್ರಾಣ: ಮುಮ್ಮೇಳದವರು ಎತ್ತಿದ ನುಡಿಯನ್ನು ಹಿಮ್ಮೇಳದವರು ಹಿಡಿಯಬೇಕು, ಕೇಳುಗರು ಸುತ್ತ ನೆರೆಯಬೇಕು. ಧ್ವನಿಮುದ್ರಿಕೆಯು ಪದಗಳನ್ನು ಉಳಿಸೀತು. ಕಿರಿಯರು ಹಿಮ್ಮೇಳದಲ್ಲಿ ನಿಂತು ಕಲಿಯುವ ಕ್ರಮವನ್ನಲ್ಲ.

ಆದ್ದರಿಂದ ಹಾಡುಗಳನ್ನು ಸಂಗ್ರಹಿಸುವ ವಿದ್ಯಾರ್ಥಿಗಳು ಪಠ್ಯದೊಡನೆ ತಿಥಿ, ಸ್ಥಳ, ಮೇಳ ಮತ್ತು ಕೇಳುಗರ ವಿವರಗಳನ್ನೂ ದಾಖಲಿಸತಕ್ಕದ್ದು. ಹಾಡು ಯಾವ ವರ್ಷ ಕೇಳಿಬರಲಿಲ್ಲ ಎಂಬುದೂ ಅದರ ಚರಿತ್ರೆಯ ಭಾಗವೇ.